ತಂಬಾಕು ಇದೆಯಾ ಎಂದು ಕೇಳಿದರು

ಆ ಮಳೆಗಾಲದಲ್ಲಿ ನಮ್ಮ ಜಿಲ್ಲೆಗೆ ಹಾರ್ಟು ಬಂತು. ಅದಕ್ಕೆ ಮುಂಚೆ ನಮ್ಮಲ್ಲಿ ಇದ್ದದ್ದು ಬರೀ ಎದೆ. ಎದೆಗೆ ಕಫ ಕಟ್ಟುತ್ತಿತ್ತು, ಎದೆ ಉರಿಯುತ್ತಿತ್ತು, ಕೂಡಿಬಂದ ಸಂಬಂಧ ಮುರಿದರೆ ಎದೆ ಒಡೆಯುತ್ತಿತ್ತು. ಹಾರ್ಟು ಮಾತ್ರ ಟಿವಿಯವರ ವ್ಯಾನಿನಲ್ಲಿ ಬಂದು ಹಾಸನದಲ್ಲಿ ಇಳಿಯಿತು. ಜಿಲ್ಲೆಯಲ್ಲಿ ವಯಸ್ಸಿನ ಹುಡುಗ ಎಲ್ಲಿ ಕುಸಿದು ಬಿದ್ದರೂ ಅವರು ಅವನ ಸುತ್ತ ಕೆಂಪು ವೃತ್ತ ಹಾಕಿ, ಅದೇ ಬೀಳುವಿಕೆಯನ್ನು ಮತ್ತೆ ಮತ್ತೆ ಬೀಳಿಸಿ ತೋರಿಸಿದರು. ಸತ್ತವನು ಒಂದು ಸಲ ಸತ್ತಿದ್ದ. ಸಂಜೆಯೊಳಗೆ ಅವನನ್ನು ಅವರು ಎಷ್ಟು ಸಲ ಸಾಯಿಸುತ್ತಿದ್ದರೆಂದರೆ ಮನೆಯವರಿಗೆ ಅಳುವುದಕ್ಕೂ ಬಿಡುವಿರಲಿಲ್ಲ.

ನಾನು ಇರುವುದು ಹೊಳೆನರಸೀಪುರದಲ್ಲಿ. ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿ ಆ ದಿನಗಳಲ್ಲಿ ವೈದ್ಯಕೀಯ ಕಾಲೇಜಾಗಿತ್ತು. ಒಬ್ಬನಿಗೆ ಲಸಿಕೆಯೇ ಕಾರಣ. ಇನ್ನೊಬ್ಬನಿಗೆ ಫಾರಂ ಕೋಳಿ. ಮತ್ತೊಬ್ಬ, ಬಾಯಿ ತುಂಬ ಗುಟ್ಕಾ ಇಟ್ಟುಕೊಂಡು, ಈಗಿನ ಹುಡುಗರು ಮುದ್ದೆ ತಿನ್ನುವುದನ್ನು ಬಿಟ್ಟದ್ದೇ ಕಾರಣ ಎಂದು ತೀರ್ಪು ಕೊಟ್ಟು ರಸ್ತೆಗೆ ಉಗಿದ. ನಮ್ಮ ದೂರದ ನೆಂಟನೊಬ್ಬ ಶ್ರವಣಬೆಳಗೊಳಕ್ಕೆ ಹೋಗಿ, ಬೆಟ್ಟ ಹತ್ತಿ ಇಳಿದು ಬಂದು, "ನಂದು ಓಕೆ ಕಣ್ಲಾ, ಟೆಸ್ಟ್ ಆಯ್ತು" ಎಂದು ಮೀಸೆ ತಿರುವಿದ. ಪುಣ್ಯವಲ್ಲ, ದೇವರಲ್ಲ, ಬೆಟ್ಟ ಈಗ ಟ್ರೆಡ್‌ಮಿಲ್ಲು. ಅವನ ಹಿಂದೆ ಇನ್ನೂ ಹಲವರು ಹೋಗಿ ಹತ್ತಿದರಂತೆ. ನಿಜವಾಗಿ ಹೃದಯದ ಕಾಯಿಲೆ ಇದ್ದವನೊಬ್ಬ ಆ ಗುಂಪಿನಲ್ಲಿದ್ದಿದ್ದರೆ ಪರೀಕ್ಷೆಯೂ ಫಲಿತಾಂಶವೂ ಒಂದೇ ಸಲ ಸಿಕ್ಕುತ್ತಿತ್ತು.

ಸರ್ಕಾರ ಸಮಿತಿ ಮಾಡಿತು. ಸಮಿತಿ ಗಾಬರಿ ಬೇಡ ಎಂದಿತು. ಗಾಬರಿಯಾದವರು ಅದನ್ನು ನಂಬಲಿಲ್ಲ, ಆಗದವರು ಓದಲಿಲ್ಲ. ಆಮೇಲೆ ಯೋಜನೆಗಳು ಬಂದವು, ಶಿಬಿರಗಳು ಬಂದವು, ಬಸ್ಸಿನ ಬೆನ್ನಿಗೆ ಕೆಂಪು ಹೃದಯದ ಚಿತ್ರ ಬಂತು. ಕೊನೆಗೆ ಸಂಶೋಧನೆ ಬಂತು.

ಈ ಗದ್ದಲದಲ್ಲೆಲ್ಲ ನನಗೆ ಇದ್ದದ್ದು ಒಂದೇ ಚಿಂತೆ: ನನ್ನ ಅಕ್ಕ. ಅವಳು ಹುಡುಗನಲ್ಲ, ಜಿಮ್ಮಿಗೆ ಹೋಗುವವಳಲ್ಲ, ಕ್ಯಾಮೆರಾ ಇರುವ ಕಡೆ ಬೀಳುವ ಯೋಗ್ಯತೆಯೂ ಇರಲಿಲ್ಲ. ಐವತ್ತು ದಾಟಿದ ಹೆಂಗಸು. ಅರಕಲಗೂಡಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದವಳು. ಎರಡು ಎಕರೆ ತಂಬಾಕು, ಅಂಚಿನಲ್ಲಿ ಒಂದಿಷ್ಟು ಜೋಳ, ಮನೆಯ ಪಕ್ಕದಲ್ಲಿ ಎಲೆ ಬೇಯಿಸುವ ಬ್ಯಾರನ್ನು. ತಂಬಾಕಿನ ಎಲೆ ಮುರಿದು, ಕಟ್ಟು ಹೊತ್ತು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ತೂಗುಹಾಕಿ ಬೆಂಕಿ ಕೊಡುವುದು. ಮದುವೆಯಾದಾಗಿನಿಂದ ಅವಳ ಮಳೆಗಾಲಗಳೆಲ್ಲ ಇದರಲ್ಲೇ ಕಳೆದಿವೆ. ಆ ವರ್ಷ ಕಟ್ಟು ಹೊತ್ತು ಬರುವಾಗ ದಾರಿಯಲ್ಲಿ ನಿಲ್ಲತೊಡಗಿದಳು.

"ಏನಾಯ್ತದೆ?" ಎಂದು ಕೇಳಿದರೆ, "ಸಂಕಟ" ಎನ್ನುತ್ತಿದ್ದಳು.

ಸಂಕಟ ಎನ್ನುವ ಮಾತು ನಮ್ಮ ಕಡೆ ಹಸಿವಿಗೂ ಆಗುತ್ತದೆ, ಅಜೀರ್ಣಕ್ಕೂ ಆಗುತ್ತದೆ, ಸಾವಿಗೂ ಆಗುತ್ತದೆ. ಭಾವ ಅದನ್ನು, ತಂಬಾಕಿನ ಸೊಪ್ಪು ತಲೆಗೇರಿದೆ ಎಂದು ಅರ್ಥ ಮಾಡಿದರು. ಒದ್ದೆ ಎಲೆ ಮುರಿದ ದಿನ ವಾಂತಿ, ತಲೆಸುತ್ತು ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮಜ್ಜಿಗೆ ಕುಡಿಸಿದರು. ಚನ್ನರಾಯಪಟ್ಟಣದ ಡಾಕ್ಟರೊಬ್ಬರು ಅದೇ ಸಂಕಟವನ್ನು ಗ್ಯಾಸ್ಟ್ರಿಕ್ ಎಂದು ಅನುವಾದಿಸಿದರು. ಈ ಗ್ಯಾಸ್ಟ್ರಿಕ್ ನಮ್ಮ ನಾಡಿನ ಮಹಾ ಆವಿಷ್ಕಾರ. ಅದು ಕಾಯಿಲೆಯ ಹೆಸರಲ್ಲ, ಡಾಕ್ಟರಿಗೂ ರೋಗಿಗೂ ನಡುವೆ ಆಗುವ ರಾಜಿ. ಇಸಿಜಿಯನ್ನೂ ತೆಗೆದರು, ನಾರ್ಮಲ್ ಬಂತು. ಬರದೆ ಏನು? ಅವಳಿಗೆ ಸಂಕಟ ಬರುವುದು ತಲೆಯ ಮೇಲೆ ಹೊರೆ ಇದ್ದಾಗ. ಇಸಿಜಿ ತೆಗೆಯುವಾಗ ಮಲಗಿಸಿದ್ದರು, ಮೇಲೆ ಫ್ಯಾನು ತಿರುಗುತ್ತಿತ್ತು. ಆಮೇಲೆ ನಾನು ಹೊಳೆನರಸೀಪುರದಲ್ಲಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೆಂಗಸಿನ ಮಾತು ಹೆಂಗಸಿಗೆ ತಿಳಿಯುತ್ತದೆ ಎಂಬ ಭ್ರಮೆ. ಆಕೆ ಮೊಬೈಲಿನಿಂದ ಕಣ್ಣೆತ್ತದೆ, "ಈ ಏಜಲ್ಲಿ ಹೆಂಗಸರಿಗೆ ಇದೆಲ್ಲ ಕಾಮನ್" ಎಂದರು.

ಹೊರಗೆ ಬಂದು ಅಕ್ಕ ಕೇಳಿದಳು: "ಏನಂದ್ರು ಕಣ್ಲಾ?"

"ಕಾಮನ್ ಅಂತೆ."

"ಕಾಮನ್ ಅಂದ್ರೆ?"

"ಎಲ್ಲಾರ್ಗೂ ಬತ್ತದಂತೆ."

"ಎಲ್ಲಾರ್ಗೂ ಬರ್ಲಿ ಬುಡು. ನಂಗ್ ಬಂದಿರೋದ್ಕೆ ಏನ್ ಮಾಡಾರಂತೆ?"

ಇಲ್ಲಿಯವರೆಗಿನದು ಸರಿಯಾದ ಅನುಕ್ರಮದಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ಚನ್ನರಾಯಪಟ್ಟಣ ಮೊದಲೋ ಹೊಳೆನರಸೀಪುರ ಮೊದಲೋ, ಮಜ್ಜಿಗೆ ಎರಡಕ್ಕೂ ನಡುವೆಯೋ. ನೆನಪು ಚಾಡಿಕೋರ. ಕೇಳುವವನಿಗೆ ಯಾವ ಕ್ರಮದಲ್ಲಿ ಹೇಳಿದರೆ ಸಿಟ್ಟು ಬರುತ್ತದೋ ಅದೇ ಕ್ರಮದಲ್ಲಿ ಹೇಳುತ್ತದೆ. ಮುಂದಿನದಕ್ಕೆ ಮಾತ್ರ ನಾನು ಅಲ್ಲೇ ಇದ್ದೆ ಎನ್ನುವುದಕ್ಕೆ ಗುರುತಿದೆ: ಶಾಲೆಯ ವರಾಂಡದಲ್ಲಿ ನನಗೆ ಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಒಂದು ಕಾಲು ಸೀಳಿತ್ತು, ಕೂತಷ್ಟು ಹೊತ್ತೂ ಹಿಂದಕ್ಕೆ ವಾಲುತ್ತಿದ್ದೆ.

ಸಂಶೋಧನಾ ತಂಡ ಅಕ್ಕನ ಊರಿಗೆ ಬಂದ ದಿನ ಅದು. ಬೆಂಗಳೂರಿನವರು. ಜಿಲ್ಲೆಯ ಹೃದಯಗಳನ್ನು ಅಳೆಯುವುದಕ್ಕೆ ಟ್ಯಾಬ್ಲೆಟ್ ತಂದಿದ್ದರು. ಬಿಪಿ, ಶುಗರ್, ತೂಕ ನೋಡಿ, ಒಂದಿಷ್ಟು ಪ್ರಶ್ನೆ ಕೇಳಿ ಉತ್ತರ ಒತ್ತಿದರೆ ಪರದೆಯ ಮೇಲೆ ಬಣ್ಣ ಬರುತ್ತಿತ್ತು. ಕೆಂಪು ಬಂದವರಿಗೆ ಹಾಸನದ ಒಂದು ಆಸ್ಪತ್ರೆಯಲ್ಲಿ ಮುಂದಿನ ಪರೀಕ್ಷೆ ಪುಕ್ಕಟೆ, ಸರದಿಯಲ್ಲಿ ಮೊದಲು. ಹಳದಿ ಬಂದವರಿಗೆ ವಾಕಿಂಗ್ ಮಾಡಿ ಎಂಬ ಬುದ್ಧಿವಾದ. ಹಸಿರು ಬಂದವರಿಗೆ ಚಪ್ಪಾಳೆ. ಸಾವಿರಾರು ಮನುಷ್ಯರ ಒಳಗನ್ನು ಟ್ರಾಫಿಕ್ ಸಿಗ್ನಲ್ಲಿಗೆ ಇಳಿಸಿದ್ದು ಈ ಕಾಲದ ವಿಜ್ಞಾನದ ಸಾಧನೆ. ಅರಕಲಗೂಡಿನಲ್ಲಿ ಆಗ ಸಿಗ್ನಲ್ ಇತ್ತೇ ಎಂಬುದೇ ನನಗೆ ನೆನಪಿಲ್ಲ.

ಕೇಳುತ್ತಿದ್ದವರು ಮೂವತ್ತರ ಆಸುಪಾಸಿನ ಸಂಶೋಧಕಿ. ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ಸಹನೆ. ಆ ಸಹನೆಯನ್ನು ನನಗೆ ಸಹಿಸಲಾಗಲಿಲ್ಲ.

"ಅಮ್ಮ, ಎದೆ ನೋವು ಇದೆಯಾ?"

"ನೋವಿಲ್ಲ ಕಣವ್ವ. ಸಂಕಟ ಆಯ್ತದೆ."

"ಸಂಕಟ ಅಂದ್ರೆ?"

"ಸಂಕಟ ಅಂದ್ರೆ ಸಂಕಟ. ನಿಮ್ಮೂರಾಗೆ ಆಗಾಕಿಲ್ವಾ?"

ಸಂಶೋಧಕಿ ಪರದೆಯನ್ನು ಮೇಲೆ ಕೆಳಗೆ ಎಳೆದು ನೋಡಿದರು. ಸಂಕಟ ಇರಲಿಲ್ಲ. ನೋವು ಇಲ್ಲ ಎಂದು ಒತ್ತಿದರು.

"ತಂಬಾಕು ಇದೆಯಾ?"

"ಐತೆ."

"ಎಷ್ಟು ವರ್ಷದಿಂದ?"

"ಮದ್ವೆಯಾಗಿ ಈ ಊರ್ಗೆ ಬಂದಾಗಿಂದ್ಲೂ ಐತೆ. ಎಲ್ಡೆಕ್ರೆ. ಈ ಸತಿ ಮಳೆ ಎಚ್ಚಾಗಿ ಎಲೆ ಎಲ್ಲಾ..."

ಎಕರೆ ಎನ್ನುವುದು ಆಕೆಯ ಕಿವಿಗೆ ಬೀಳಲಿಲ್ಲ. ಬೆರಳು ಆಗಲೇ ಒತ್ತಿತ್ತು. ಪರದೆ ಕೆಂಪಾಯಿತು.

ನನಗೂ ಏನೂ ಅನಿಸಲಿಲ್ಲ. ಅರಕಲಗೂಡಿನ ಕಡೆ ತಂಬಾಕು ಇದೆಯಾ ಎಂದು ಕೇಳಿದರೆ ಹೊಲದಲ್ಲಿ ಇದೆಯಾ ಎಂದೇ ಅರ್ಥ. ಶುಂಠಿ ಇದೆಯಾ, ಜೋಳ ಇದೆಯಾ, ತಂಬಾಕು ಇದೆಯಾ. ಬಾಯಲ್ಲಿ ಇದೆಯಾ ಎಂದು ಯಾರು ಕೇಳುತ್ತಾರೆ?

ಮುಂದಿನವರು ಭಾವ. ಅಂಗಿಯ ಜೇಬಿನಲ್ಲಿ ಬೀಡಿಕಟ್ಟು ಉಬ್ಬಿಕೊಂಡಿತ್ತು. ಹಲ್ಲಿನ ಬಣ್ಣವೇ ಸಾಕಿತ್ತು, ಟ್ಯಾಬ್ಲೆಟ್ ಬೇಕಿರಲಿಲ್ಲ.

"ತಂಬಾಕು ಇದೆಯಾ?"

"ನಂದೇನಿಲ್ಲ ಮೇಡಂ. ಎಲ್ಲಾ ಇವ್ಳ್ ಎಸ್ರಲ್ಲೇ ಐತೆ."

ಜಮೀನು, ಬ್ಯಾರನ್ ಲೈಸೆನ್ಸು ಎಲ್ಲ ಅಕ್ಕನ ಹೆಸರಿನಲ್ಲಿ ಇದ್ದದ್ದು ನಿಜ. ಸಂಶೋಧಕಿ ಅದರಲ್ಲಿ "ನಂದೇನಿಲ್ಲ" ಎಂಬುದಷ್ಟನ್ನು ಕೇಳಿಸಿಕೊಂಡು, ಗಂಡನಿಗೆ ಇಲ್ಲದ ಚಟ ಅಂಟಿಸಿಕೊಂಡ ಹೆಂಡತಿಯನ್ನು ಒಮ್ಮೆ ಕನಿಕರದಿಂದ ನೋಡಿದರು. ಭಾವನಿಗೆ ಹಸಿರು ಬಂತು. ಚಪ್ಪಾಳೆ ತಟ್ಟಿದರು. ಭಾವ ಹಿಗ್ಗಿ ಶಾಲೆಯ ಹಿಂದಕ್ಕೆ ಹೋಗಿ ಒಂದು ಬೀಡಿ ಹಚ್ಚಿದರು.

ಇದು ತೀರಾ ಚೆನ್ನಾಗಿ ಕೂತುಬಿಟ್ಟಿದೆ ಎಂದು ನನಗೇ ಅನುಮಾನ. ಬರೆಯುವವನ ಕೈ ಇದ್ದಂತೆ ಕಾಣುತ್ತದೆ. ಆದರೆ ಇಂಥದ್ದನ್ನು ಕಟ್ಟುವ ಪ್ರತಿಭೆ ನನಗಿಲ್ಲ. ಅದು ಇರುವುದು ಯೋಜನೆ ಮಾಡುವವರಿಗೆ.

ಹಾಸನಕ್ಕೆ ನಾನು, ಅಕ್ಕ, ಭಾವ ಮೂವರೂ ಹೋದೆವು. ಆಸ್ಪತ್ರೆಯ ಹೆಸರು ಬೇಡ. ಎಲ್ಲ ಆಸ್ಪತ್ರೆಗಳೂ ಗಾಬರಿಯಾದ ಗಂಡಸರಿಂದ ತುಂಬಿದ್ದವು. ಕಾಲೇಜು ಹುಡುಗರು, ಆಟೋದವರು, ಬ್ಯಾಂಕಿನವರು, ಎಲ್ಲರ ಕೈಯೂ ಎಡಗಡೆ ಎದೆಯ ಮೇಲೆ, ರಾಷ್ಟ್ರಗೀತೆಗೆ ನಿಂತವರ ಹಾಗೆ. ಅವರ ನಡುವೆ ಅಕ್ಕ ಸೆರಗು ಹೊದ್ದು ಕೂತಿದ್ದಳು. ಅವಳ ಕೈ ಎದೆಯ ಮೇಲಿರಲಿಲ್ಲ. ಗದ್ದವನ್ನು ಹಿಡಿದುಕೊಂಡಿದ್ದಳು. ಮೆಟ್ಟಿಲು ಹತ್ತಿದಾಗ ಸಂಕಟ ದವಡೆಯವರೆಗೂ ಬಂದಿತ್ತಂತೆ. ದವಡೆಯನ್ನು ಹೃದಯವೆಂದು ಯಾರು ಎಣಿಸುತ್ತಾರೆ? ಹೆಂಗಸರಿಗೆ ಹೃದಯದ ನೋವು ಹೀಗೆ ಎಲ್ಲೆಲ್ಲಿಗೋ ಹೋಗಿ ಕೂರುತ್ತದೆ ಎಂದು ಎಂದಿನಿಂದಲೋ ಬರೆಯುತ್ತಿದ್ದಾರೆ, ನಾನೇ ಓದಿದ್ದೇನೆ. ಬರೆದದ್ದು ಬರೆದಲ್ಲೇ ಇದೆ. ಚನ್ನರಾಯಪಟ್ಟಣದವರೆಗೂ ಬರುವ ಬಸ್ಸು ಅದಕ್ಕಿನ್ನೂ ಸಿಕ್ಕಿಲ್ಲ.

ಕೆಂಪು ಬಣ್ಣದ ಮಹಿಮೆಯಿಂದ ನಮ್ಮನ್ನು ಬೇಗ ಒಳಗೆ ಕರೆದರು. ಡಾಕ್ಟರು ಚಿಕ್ಕವರು, ಚುರುಕು.

"ತಂಬಾಕು ದಿನಕ್ಕೆ ಎಷ್ಟಮ್ಮ?"

"ದಿನಕ್ಕಾ?" ಅಕ್ಕ ಯೋಚಿಸಿದಳು. "ಸೀಜನ್ನಾಗೆ ಬೆಳಕರ್ದಾಗಿಂದ ಕತ್ಲಾಗೋಗಂಟ ಅದೇ ಕಣ್ ಸಾ. ಉಣ್ಣಾಕೂ ಬುಡುವಿರಕಿಲ್ಲ."

ಡಾಕ್ಟರ ಪೆನ್ನು ನಿಂತಿತು. "ಯಾರೂ ಬೇಡ ಅನ್ನಲ್ವಾ ಮನೇಲಿ?"

"ಬ್ಯಾಡ ಅಂತ ಯಾಕಂದಾರು? ಇವ್ರೂ ಜೊತ್ಗೇ ಕುಂತ್ಕತಾರೆ."

ಡಾಕ್ಟರು ಭಾವನ ಕಡೆ ನೋಡಿದ ನೋಟ ಈಗಲೂ ನನ್ನ ಕಣ್ಣ ಮುಂದಿದೆ. ಆಮೇಲೆ ಅವರು ಕೇಳಿದರು: "ಬೀಡಿನಾ, ಎಲೆಅಡಿಕೆ ಜೊತೆನಾ?"

ಆಗ ನನಗೆ ಹೊಳೆಯಿತು. ಭಾವನಿಗೂ ಹೊಳೆಯಿತು, ಅವರ ಬಾಯಿ ತೆರೆಯಿತು. ಅಷ್ಟರಲ್ಲಿ ಫೋನು ಬಂದು ಡಾಕ್ಟರು ನಮ್ಮನ್ನು ಹೊರಗೆ ಕೂರಲು ಹೇಳಿದರು.

ಕಾರಿಡಾರಿನಲ್ಲಿ ನಾನು ಅಕ್ಕನಿಗೆ ವಿವರಿಸಿದೆ. "ಅವ್ರು ಕೇಳಿದ್ದು ಹೊಲದ್ದಲ್ಲ ಕಣಕ್ಕ. ನೀನು ಸೇದ್ತೀಯಾ, ಅಗೀತೀಯಾ ಅಂತ."

"ನಾನಾ? ಬೀಡಿನಾ?" ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಾ ನಗುತ್ತಾ ಸಂಕಟ ಬಂದು ಮತ್ತೆ ಗದ್ದ ಹಿಡಿದುಕೊಂಡಳು.

ಭಾವನಿಗೆ ನಗು ಬರಲಿಲ್ಲ. "ಒಳಗೋಗಿ ತಿದ್ಸು ಮೊದ್ಲು. ನನ್ ಎಂಡ್ರು ಬೆಳಿಗ್ಗಿಂದ ಸಂಜೆಗಂಟ ಬೀಡಿ ಎಳೀತಾಳೆ ಅಂತ ಬರ್ಕಂಡವ್ರೆ! ಊರ್ನೋರ್ಗೆ ಗೊತ್ತಾದ್ರೆ ಮಕ ಎತ್ಕಂಡ್ ಓಡಾಡಾಕಾಯ್ತದಾ?"

ತಿದ್ದಿಸಬೇಕೆಂದು ನನಗೂ ಅನಿಸಿತು. ತಪ್ಪು ಮಾಹಿತಿ ಎಂದರೆ ನನಗೆ ಉಗುರುಸುತ್ತು ಆದ ಹಾಗೆ. ಎದ್ದೆ.

ಅಕ್ಕ ನನ್ನ ತೋಳು ಹಿಡಿದಳು. "ತಡ್ಯೋ. ಇಲ್ಲಾ ಅಂದ್ರೆ ಏನ್ ಬಣ್ಣ ಬತ್ತದೆ?"

"ಹಳದಿ ಇರ್ಬೇಕು."

"ಅಳ್ದಿಗೆ ಏನ್ ಮಾಡ್ತಾರೆ?"

"ವಾಕಿಂಗ್ ಮಾಡು ಅಂತಾರೆ. ಮನೆಗೆ ಕಳಿಸ್ತಾರೆ."

ಅವಳು ಎದುರಿನ ಗೋಡೆಯ ಮೇಲಿದ್ದ ಕೆಂಪು ಹೃದಯವನ್ನು ನೋಡಿದಳು. ಅದಕ್ಕೆ ಕಣ್ಣು ಮೂಗು ಬರೆದು ನಗಿಸಿದ್ದರು.

"ಅಂಗಾರೆ ಸೇದ್ತೀನಿ ಬುಡು," ಎಂದಳು.

"ಏನಂದೆ?" ಎಂದರು ಭಾವ.

"ಸೇದ್ತೀನಿ ಅಂತ್ಲೇ ಇರ್ಲಿ. ಸಂಕಟ ಅಂದೆ, ಒಬ್ರೂ ಕೇಳ್ಳಿಲ್ಲ. ತಂಬಾಕು ಅಂದೆ, ಕುರ್ಚಿ ಆಕಿ ಕೂರ್ಸವ್ರೆ. ಈಗ ಅದ್ನ ಅಳಿಸ್ಕಂಡು ಮನೆಗೋಗಿ ಮಜ್ಗೆ ಕುಡೀಲಾ?"

"ಊರ್ನೋರು..."

"ಊರ್ನೋರ್ ಬಂದು ನನ್ ಎದೆ ಇಡ್ಕತಾರಾ? ನೀವ್ ಒರ್ಗೋಗಿ ಒಂದ್ ಸೇದ್ಕಂಡ್ ಬನ್ನಿ, ಓಗಿ."

ಭಾವ ಹೋದರು. ನಾನು ಕೂತೆ. ಒಳಗೆ ಮತ್ತೆ ಕರೆದಾಗ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಅಕ್ಕ ತಲೆ ತಗ್ಗಿಸಿ, ಹೊಸ ಸೊಸೆಯ ನಾಚಿಕೆಯಲ್ಲಿ, "ಬೀಡಿನೇ ಅಂತ ಬರ್ಕಳಿ ಸಾ" ಎಂದಳು. ಅದು ಸುಳ್ಳಾ? "ಅಂತ ಬರ್ಕಳಿ" ಎಂದಳೇ ಹೊರತು ಸೇದುತ್ತೇನೆ ಎನ್ನಲಿಲ್ಲ. ಬರೆದುಕೊಂಡರು.

ಆಂಜಿಯೋಗ್ರಾಂ ಮಾಡಿದರು. ರಕ್ತನಾಳ ಒಂದು ಕಡೆ ಮುಚ್ಚುವುದಕ್ಕೆ ಹತ್ತಿರ ಬಂದಿತ್ತು. ಸ್ಟೆಂಟ್ ಹಾಕಿದರು. ಒಳ್ಳೆಯ ಕೆಲಸ, ಚುರುಕಾದ ಕೈ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಲೋಹದ ಸಣ್ಣ ಬಲೆಯೊಂದನ್ನು ಮಣಿಕಟ್ಟಿನಿಂದ ಹೃದಯದವರೆಗೆ ತೂರಿಸಬಲ್ಲ ವಿಜ್ಞಾನ, ಬಾಯಿಂದ ಕಿವಿಯವರೆಗೆ ಒಂದು ಮಾತನ್ನು ತೂರಿಸಲಾರದು ಎಂಬುದಷ್ಟೇ ನನ್ನ ತಕರಾರು.

ವಾರ್ಡಿನಲ್ಲಿ ಡಾಕ್ಟರು ಕಿರಿಯರ ಗುಂಪಿಗೆ ಅಕ್ಕನನ್ನು ತೋರಿಸಿ ಇಂಗ್ಲಿಷಿನಲ್ಲಿ ಪಾಠ ಮಾಡಿದರು: ನೋಡಿ, ಹಳ್ಳಿಯ ಹೆಂಗಸರಲ್ಲಿ ತಂಬಾಕು ಎಷ್ಟು ಆಳಕ್ಕೆ ಹೋಗಿದೆ. ಎಲ್ಲರೂ ತಲೆ ಆಡಿಸಿದರು. ಅಕ್ಕನೂ ಆಡಿಸಿದಳು. ನಾನು ತಡೆಯಲಾರದೆ ಕೇಳಿದೆ: "ಡಾಕ್ಟರೇ, ಸೇದುವುದು ಹಾಗಿರಲಿ, ಒದ್ದೆ ಎಲೆಯನ್ನು ದಿನವಿಡೀ ಕೈಯಲ್ಲಿ ಹಿಡಿದರೆ? ಅದರ ವಿಷ ಚರ್ಮದಿಂದ ಒಳಗೆ ಹೋಗುವುದಿಲ್ಲವೇ? ವಾಂತಿಯಾಗುತ್ತದಲ್ಲ?"

"ಹೋಗುತ್ತೆ. ಆದರೆ ಅದು ನಮ್ಮ ಸ್ಟಡಿಯಲ್ಲಿ ಇಲ್ಲ," ಎಂದರು. ಒರಟಾಗಿ ಅಲ್ಲ, ಪ್ರಾಮಾಣಿಕವಾಗಿಯೇ. ಅದೇ ಇನ್ನೂ ಕೆಟ್ಟದ್ದು.

ಮನೆಗೆ ಕಳಿಸುವ ದಿನ ಸಲಹೆಗಾರರೊಬ್ಬರು ಬಂದರು. ತಂಬಾಕು ಬಿಡಿಸುವುದೇ ಅವರ ಉದ್ಯೋಗ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ದನಿ. "ಅಮ್ಮ, ಕೈಯನ್ನು ಎದೆ ಮೇಲೆ ಇಟ್ಟುಕೊಳ್ಳಿ. ನಾನು ಹೇಳಿದ ಹಾಗೆ ಹೇಳಿ. ಇನ್ನು ಮೇಲೆ ನಾನು..."

"ಇನ್ ಮ್ಯಾಲೆ ನಾನು..."

"ತಂಬಾಕನ್ನು ಮುಟ್ಟುವುದಿಲ್ಲ."

ಅಕ್ಕ ಕೈಯನ್ನು ಎದೆಯಿಂದ ತೆಗೆದಳು.

"ಹೇಳಮ್ಮ."

"ಸೇದಾಕಿಲ್ಲ ಅಂತೀನಿ. ಮುಟ್ಟಾಕಿಲ್ಲ ಅಂತ ಅನ್ನಾಕಿಲ್ಲ."

"ಎರಡೂ ಒಂದೇ ಅಲ್ವಾ?"

"ಒಂದೆಂಗಾಯ್ತದೆ ಸಾ? ಮುಟ್ಟಾಕಿಲ್ಲ ಅಂತ ಎದೆ ಮುಟ್ಕಂಡು ಆಣೆ ಮಾಡ್ಬುಟ್ಟು, ನಾಳೆ ಮುಟ್ಟಿದ್ರೆ? ಈಗ್ತಾನೆ ಸರಿ ಮಾಡ್ಸಿರೋ ಎದೆ."

ಸಲಹೆಗಾರರು ಇದನ್ನು ಚಟದ ಬಲ ಎಂದುಕೊಂಡರು. ಅವರ ಮುಖದಲ್ಲಿ ಇಂಥ ಹಠವನ್ನು ಬಹಳ ಕಂಡಿದ್ದೇನೆ ಎಂಬ ಬೇಸರ ಮೂಡಿತು. ಕೈಯಲ್ಲಿದ್ದ ಯೋಜನೆಯ ಹಾಳೆಯಲ್ಲಿ ಭಾವನ ಹಸಿರನ್ನು ನೋಡಿ, ಪಕ್ಕದಲ್ಲಿ ನಿಂತಿದ್ದ ಅವರನ್ನು ಕರೆದು, "ನೀವಾದರೂ ಬುದ್ಧಿ ಹೇಳಿ, ನಿಮಗಂತೂ ಯಾವ ಅಭ್ಯಾಸವೂ ಇಲ್ಲ" ಎಂದರು. ಭಾವ, ಜೇಬಿನ ಮೇಲೆ ಕೈ ಇಟ್ಟುಕೊಂಡು, "ಎಷ್ಟ್ ಏಳಿದ್ರೂ ಕೇಳಾಕಿಲ್ಲ ಸಾ ಇವ್ಳು" ಎಂದರು. ಅಲ್ಲಿಯವರೆಗೆ ನಾಚಿ ಸಾಯುತ್ತಿದ್ದ ಮನುಷ್ಯನಿಗೆ ಆ ಪಾತ್ರ ಅಷ್ಟು ಬೇಗ ಹಿಡಿಸಿತ್ತು.

ಕೊನೆಗೆ ಅಕ್ಕ ಎದೆ ಮುಟ್ಟಿಕೊಂಡು, ಜನ್ಮದಲ್ಲಿ ಎಂದೂ ಸೇದದ ಬೀಡಿಯನ್ನು ಇನ್ನು ಸೇದುವುದಿಲ್ಲ ಎಂದು ಆಣೆ ಮಾಡಿದಳು. ಅದು ಪೂರ್ತಿ ನಿಜವಾದ ಆಣೆ. ಆ ವಾರ್ಡಿನಲ್ಲಿ ಅಂದು ಮಾಡಿದ ಆಣೆಗಳಲ್ಲಿ ಉಳಿದುಕೊಂಡದ್ದು ಬಹುಶಃ ಅದೊಂದೇ.

ಈಗ ಅವಳು ಹೊರೆ ಹೊರುವುದಿಲ್ಲ. ಒದ್ದೆ ಎಲೆ ಮುರಿಯುವುದು ಭಾವನ ಪಾಲಿಗೆ ಬಂದಿದೆ. ಅವರು ಮುರಿಯುತ್ತಾರೆ, ವಾಂತಿ ಮಾಡಿಕೊಳ್ಳುತ್ತಾರೆ, ಆಮೇಲೆ ಬೀಡಿ ಹಚ್ಚಿ, "ನಂದು ಅಸ್ರು ಕಣ" ಎನ್ನುತ್ತಾರೆ. ನೀವೂ ತೋರಿಸಿಕೊಳ್ಳಿ ಎಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ವಿಜ್ಞಾನ ಚಪ್ಪಾಳೆ ತಟ್ಟಿದ ಮನುಷ್ಯನಿಗೆ ಹೊಳೆನರಸೀಪುರದ ಬಾಮೈದ ಏನು ಹೇಳುವುದು? ಅಕ್ಕ ನೆರಳಿನಲ್ಲಿ ಕೂತು, ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಎಲೆ ಕಡ್ಡಿಗೆ ಕಟ್ಟುತ್ತಾಳೆ. ಕವರು ಜಾರುತ್ತದೆ, ಬಿಚ್ಚಿ ಎಸೆಯುತ್ತಾಳೆ, ಮತ್ತೆ ಕಟ್ಟಿಕೊಳ್ಳುತ್ತಾಳೆ.

ಯೋಜನೆಯ ಫೋನು ಆಗಾಗ ಬರುತ್ತದೆ. ಮನುಷ್ಯರಲ್ಲ, ರೆಕಾರ್ಡ್ ಮಾಡಿಟ್ಟ ದನಿ. ನಾನಿದ್ದಾಗಲೂ ಒಂದು ಸಲ ಬಂತು. ಬ್ಯಾರನ್ನಿಗೆ ಬೆಂಕಿ ಕೊಟ್ಟಿದ್ದ ದಿನ, ಅಂಗಳವೆಲ್ಲ ಬೇಯುವ ಎಲೆಯ ಸಿಹಿ ಘಾಟು. ಅಕ್ಕನ ಬೆರಳುಗಳಿಗೆ ಎಲೆಯ ಕಪ್ಪು ಅಂಟು ಮೆತ್ತಿತ್ತು. ಫೋನನ್ನು ನನ್ನ ಕಡೆ ತಳ್ಳಿದಳು. ದನಿ ಹೇಳಿತು: ನೀವು ತಂಬಾಕನ್ನು ಬಿಟ್ಟಿದ್ದರೆ ಒಂದನ್ನು ಒತ್ತಿ. ಇನ್ನೂ ಬಿಟ್ಟಿಲ್ಲವಾದರೆ ಎರಡನ್ನು ಒತ್ತಿ.

ಒಂದನ್ನು ಒತ್ತಿದರೆ ಅಭಿನಂದನೆ ಹೇಳಿ ಕೈಬಿಡುತ್ತಾರೆ, ಆಮೇಲೆ ಹಳದಿಯವರ ಜೊತೆ ಸಾಲಿನಲ್ಲಿ ನಿಲ್ಲಬೇಕು ಎಂದು ಅಕ್ಕನೇ ಕೇಳಿ ತಿಳಿದುಕೊಂಡಿದ್ದಳು. ಎರಡನ್ನು ಒತ್ತಿದರೆ ಹಾಸನದಲ್ಲಿ ಪುಕ್ಕಟೆ ತಪಾಸಣೆ ಮುಂದುವರಿಯುತ್ತದೆ, ಬೈಗುಳದ ಸಮೇತ.

ಆದರೂ ನಾನು ಕೇಳಿದೆ: "ಏನ್ ಒತ್ಲಿ?"

ಅಕ್ಕ ಬ್ಯಾರನ್ನಿನ ಕಡೆ ಗದ್ದ ತೋರಿಸಿದಳು.

"ಎಲ್ಡು ಒತ್ತು. ಸುಳ್ ಯಾಕ್ ಏಳಾದು? ಒಳಗೆ ಬೇಯ್ತಾ ಐತಲ್ಲ."